ಚಳಿಗೆ ಗಂಟಲು ಕಟ್ಟಿದ ಮಷೀನು ಮತ್ತು ಜಟ್ಟಪ್ಪನ ಬಲಗಿವಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಮದಳ್ಳಿಯಾಚೆಯ ಕಾಲೊನಿಯ ಮಳೆಮರದ ಬುಡದಲ್ಲಿ, ಮಂಕಿ ಟೋಪಿ ಹಾಕಿಕೊಂಡ ಹಿರಿಯರೊಬ್ಬರು ಕುಕ್ಕುರುಗಾಲಿನಲ್ಲಿ ಕೂತು ಒಂದು ಯಂತ್ರದ ಸೈಲೆನ್ಸರಿಗೆ ಮೂಗು ಹಚ್ಚಿದ್ದಾರೆ. ಒಮ್ಮೆ ಮೂಸುತ್ತಾರೆ. ಕಣ್ಣು ಮುಚ್ಚುತ್ತಾರೆ. ಇನ್ನೊಮ್ಮೆ ಮೂಸುತ್ತಾರೆ. ಅವರ ಸುತ್ತ ಕಾಲೊನಿಯ ನಾಯಿಗಳು, ಪಂಕ್ತಿಯೂಟಕ್ಕೆ ಬಂದವರ ಹಾಗೆ, ಬಾಲ ಸುತ್ತಿಕೊಂಡು ಸಾಲಾಗಿ ಕೂತಿವೆ.

"ಬಾಂಗಡೆ," ಎನ್ನುತ್ತಾರೆ ಅವರು ಕೊನೆಗೆ.

"ಎಂತ ಜಟ್ಟಪ್ಪಣ್ಣಾ, ಮೀನಿನ ನೆನಪಾ? ಹಸಿವಾಗ್ತದ್ಯಾ?" ಎಂದು ಕೇಳುವವರು ಹಿಂದೆ ನಿಂತ ಕಾಮಿ ಗೌಡ. ಸೆರಗನ್ನು ಕಿವಿಗೆ ಸುತ್ತಿಕೊಂಡಿದ್ದಾರೆ. ಮುಖದಲ್ಲಿ ಆತಂಕವಿದೆ, ಆದರೂ ತುಟಿಯಂಚಿನಲ್ಲಿ ನಗು ಸಿಕ್ಕಿಕೊಂಡಿದೆ.

ಜಟ್ಟಪ್ಪ ಸೈಲೆನ್ಸರಿನಿಂದ ಮೂಗು ತೆಗೆಯುತ್ತಾರೆ. ಹಗ್ಗ ಹಿಡಿದು ಎಳೆಯುತ್ತಾರೆ. ಯಂತ್ರ ಮುದುಕನ ಹಾಗೆ ಒಮ್ಮೆ ಗೊರಕ್ಕೆಂದು ಸುಮ್ಮನಾಗುತ್ತದೆ. ಮತ್ತೆ ಎಳೆಯುತ್ತಾರೆ. ಅದೇ ಗೊರಕು. ನಾಯಿಗಳಲ್ಲೊಂದು ಆಕಳಿಸುತ್ತದೆ.

ಜಟ್ಟಪ್ಪ ನಾಯ್ಕರಿಗೆ ಅರವತ್ತರ ಹತ್ತಿರ. ಕಾರವಾರದಿಂದ ಅಂಕೋಲೆಯವರೆಗೆ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಯಾವ ಸಣ್ಣ ಎಂಜಿನ್ನು ಕೆಟ್ಟರೂ ಅದು ಇಂದಲ್ಲ ನಾಳೆ ಅವರ ಅಂಗಡಿಯ ಮುಂದೆ ಬಂದು ಇಳಿಯುತ್ತದೆ. ಹುಲ್ಲು ಕತ್ತರಿಸುವುದು, ಮರ ಕೊಯ್ಯುವುದು, ಔಷಧಿ ಹೊಡೆಯುವುದು, ಎಲೆ ಹಾರಿಸುವುದು. ಎಲೆ ಹಾರಿಸುವ ಬ್ಲೋವರಿಗೆ ಈ ಕಡೆಯವರು ಇಟ್ಟಿರುವ ಹೆಸರು ಗಾಳಿ ಮಷೀನು. ಬೆನ್ನಿಗೆ ಹೊತ್ತು, ಆನೆಯ ಸೊಂಡಿಲಿನಂಥ ಕೊಳವೆಯನ್ನು ಅತ್ತಿತ್ತ ಆಡಿಸಿದರೆ ರಸ್ತೆಯ ಮೇಲಿನ ಎಲೆಯೆಲ್ಲ ಕುರಿಮಂದೆಯ ಹಾಗೆ ಮುಂದೆ ಓಡುತ್ತದೆ. ಮಾಡಿದವರು ಅದನ್ನು ಎಲೆಗೆಂದೇ ಮಾಡಿದ್ದು. ಆದರೆ ಭಾವಿಕೇರಿಯಲ್ಲಿ ಅದು ಭತ್ತ ತೂರುತ್ತದೆ. ಅಗಸೂರಿನ ಗೇರು ಹಕ್ಕಲುಗಳಲ್ಲಿ ಬೀಜ ಹೆಕ್ಕುವ ಮೊದಲು ನೆಲದ ದರಕನ್ನು, ಅಂದರೆ ಒಣಗಿದೆಲೆಯನ್ನು, ಬದಿಗೆ ಒತ್ತರಿಸುತ್ತದೆ. ಒಬ್ಬ ಪುಣ್ಯಾತ್ಮರು ಮದುವೆಮನೆಯ ಒಲೆ ಉರಿಸಲು ಅದನ್ನೇ ಹಿಡಿದು, ಒಲೆಯ ಜತೆ ಚಪ್ಪರದ ಬಟ್ಟೆಯನ್ನೂ ಹೊತ್ತಿಸಿದ್ದರು. ಮರುದಿನ ಬೂದಿ ತುಂಬಿದ ಮಷೀನು ತಂದು, "ತನ್ನಿಂದ ತಾನೇ ಕೆಟ್ಟೋಯ್ತು" ಎಂದು ಜಟ್ಟಪ್ಪನವರ ಮುಂದಿಟ್ಟರು.

"ತಂದವ್ರೆಲ್ಲ ಹಂಗೇ ಹೇಳೂದು," ಎನ್ನುತ್ತಾರೆ ಜಟ್ಟಪ್ಪ. "ನಾ ಕೇಳೂದೇ ಇಲ್ಲ. ಮಷೀನನ್ನೇ ಕೇಳ್ತೆ. ಎಂಜಿನ್ನಿಗೆ ಸುಳ್ಳು ಹೇಳೂಕೆ ಬರೂದಿಲ್ಲ."

ಅವರು ಕೇಳುವುದು ಬಲಗಿವಿಯಿಂದ. ಎಡಗಿವಿ ಕಾರವಾರದ ಬಂದರಿನಲ್ಲಿ ಹೋಯಿತು. ಪ್ರಾಯದಲ್ಲಿ ಅವರು ದೋಣಿಗಳ ಎಂಜಿನ್ನು ರಿಪೇರಿಗೆ ಹೋಗುತ್ತಿದ್ದಾಗ, ವರ್ಷಗಟ್ಟಲೆ ಅದೊಂದೇ ಬದಿಯಲ್ಲಿ ಕೂತು ಕೇಳಿದ ಸದ್ದಿಗೆ ಆ ಕಿವಿ ಮುಚ್ಚಿಕೊಂಡಿತು. ಆಮೇಲೆ ಸ್ಕೂಟರುಗಳ ಕಾಲ ಬಂತು. ಸಂಜೆ ಅಂಗಡಿಯ ಮುಂದೆ ನೀಲಿ ಹೊಗೆಯೇ ಹೊಗೆ. ಹೊಸ ಬಗೆಯ ಎಂಜಿನ್ನುಗಳು ಬಂದು ಆ ಸ್ಕೂಟರುಗಳೆಲ್ಲ ಗುಜರಿಗೆ ಹೋದಾಗ ಜಟ್ಟಪ್ಪನವರ ಸ್ಪ್ಯಾನರಿಗೂ ತುಕ್ಕು ಹಿಡಿಯಿತು. ಕೆಲವು ವರ್ಷ ಅವರು ಐಸು ಫ್ಯಾಕ್ಟರಿಯಲ್ಲಿ ಮಂಜುಗಡ್ಡೆ ಹೊತ್ತರು. ಒಂದು ದಿನ ಯಾರೋ ಹುಲ್ಲು ಕತ್ತರಿಸುವ ಮಷೀನು ತಂದು ಹಗ್ಗ ಎಳೆದರು. ಆ ಸದ್ದು, ಆ ನೀಲಿ ಹೊಗೆ. ಸತ್ತ ಸ್ಕೂಟರೇ ಹುಲ್ಲು ಮೇಯುವ ಜನ್ಮ ಎತ್ತಿ ಬಂದ ಹಾಗಿತ್ತಂತೆ.

ಹೆದ್ದಾರಿ ಅಗಲವಾದಾಗಲೆಲ್ಲ ಅಂಗಡಿ ಹಿಂದೆ ಹಿಂದೆ ಸರಿದು, ಈಗ ಮನೆಯ ಅಡುಗೆಮನೆಯ ಗೋಡೆಗೆ ಬೆನ್ನು ತಾಗಿಸಿ ನಿಂತಿದೆ. "ಇನ್ನೊಂದ್ ಸಲ ರಸ್ತೆ ಅಗಲ ಮಾಡಿದ್ರೆ ಮುಗೀತು, ಕಾರ್ಬೊರೇಟರ್ ನನ್ನ ಒಲೆ ಮೇಲೇ ಕುದೀತದೆ," ಎನ್ನುತ್ತಾರೆ ಹೆಂಡತಿ ಹೀರಾ. ಗಂಡನ ಕಿವಿಯ ಬಗ್ಗೆ ಅವರದೇ ಒಂದು ತಕರಾರಿದೆ. "ಅರ್ಧ ಮೈಲಿ ದೂರದ ಮಷೀನು ಕೆಮ್ಮಿದ್ರೆ ಇವ್ರಿಗೆ ಕೇಳ್ತದೆ. ಅಕ್ಕಿ ಮುಗದದೆ ಅಂತ ನಾ ಹೇಳಿದ್ರೆ ಮಾತ್ರ ಎಡಗಿವಿ ತಿರುಗಿಸ್ತ್ರು."

ಬೆಳಿಗ್ಗೆ ಏಳುತ್ತಲೇ ಕೆಲಸ. ಮೊದಲು ಪ್ಲಗ್ಗು ಬಿಚ್ಚಿ ಬಣ್ಣ ನೋಡುತ್ತಾರೆ. ಕಾಫಿ ಬಣ್ಣ ಇದ್ದರೆ ಆರೋಗ್ಯ. ಕಪ್ಪಗೆ ಒದ್ದೆಯಾಗಿದ್ದರೆ ಹೆಚ್ಚು ಕುಡಿದಿದೆ, ಬೆಳ್ಳಗೆ ಸುಟ್ಟಿದ್ದರೆ ಉಪವಾಸ ಬಿದ್ದಿದೆ. ಆಮೇಲೆ ಗಾಳಿಯ ಫಿಲ್ಟರು, ಪೆಟ್ರೋಲಿನ ನಳಿಗೆ, ಸೈಲೆನ್ಸರು. ಮಳೆಗಾಲ ಮುಗಿದು ಹೊರಗೆ ತೆಗೆದ ಮಷೀನುಗಳ ಸೈಲೆನ್ಸರಿನಲ್ಲಿ ಕಣಜದ ಹುಳ ಮಣ್ಣಿನ ಮನೆ ಕಟ್ಟಿರುವುದು ಪ್ರತಿವರ್ಷದ ಸಂಗತಿ. ಅದನ್ನು ಜಟ್ಟಪ್ಪ ಒಡೆಯದೆ ಇಡಿಯಾಗಿ ಬಿಡಿಸಿ, ಅಂಗಡಿಯ ಮಾಡಿನ ಸಂದಿಯಲ್ಲಿ ಇಡುತ್ತಾರೆ. ಕೊನೆಯದು ಶ್ರುತಿ ಕೂಡಿಸುವ ಕೆಲಸ. ಕಾರ್ಬೊರೇಟರಿನ ಪಕ್ಕದಲ್ಲಿ ಎರಡು ಪುಟ್ಟ ತಿರುಪುಗಳಿವೆ. ಒಂದು ಎಂಜಿನ್ನು ನಿಧಾನ ಓಡುವಾಗಿನದು, ಇನ್ನೊಂದು ಜೋರು ಓಡುವಾಗಿನದು. ಬಲಗಿವಿ ಬಗ್ಗಿಸಿ, ಉಸಿರು ಹಿಡಿದು, ಕೂದಲೆಳೆಯಷ್ಟು ತಿರುಗಿಸುತ್ತಾರೆ. "ಜಾಸ್ತಿ ಕುಡಿದ್ರೆ ಮಾತು ದಪ್ಪ ಆಗ್ತದೆ. ಉಪಾಸ ಬಿದ್ರೆ ಕೀರಲು ಆಗ್ತದೆ. ನಡುವೆ ಒಂದು ಕಡೆ ಸಮಾಧಾನದ ಮಾತು ಅದೆ. ಅಲ್ಲಿಗೆ ನಿಲ್ಸೂದು. ಮನ್ಷಂಗೂ ಅಷ್ಟೇ ಅಲ್ದಾ?"

ಇಂಥ ಜಟ್ಟಪ್ಪನವರಿಗೂ ಒಂದು ಮಷೀನು ಕೈಕೊಟ್ಟಿತು. ಅದೇ ಕಾಮಿಯವರ ಗಾಳಿ ಮಷೀನು.

ಕಾಮಿ ಗೌಡ ಈ ಕಾಲೊನಿಯ ರಸ್ತೆ ಗುಡಿಸುವ ಹೆಂಗಸರ ಗುಂಪಿನವರು. ಗುಂಪಿಗೆ ಇರುವುದು ಒಂದೇ ಮಷೀನು, ಅದು ಕಾಮಿಯವರ ಬೆನ್ನ ಮೇಲೆ. ಉಳಿದವರು ಎರಡು ದಿನ ಹೊತ್ತು, ಸದ್ದಿಗೆ ಹೆದರಿ ಇಳಿಸಿಬಿಟ್ಟಿದ್ದರು. ಅದಕ್ಕೂ ಮೊದಲು ಕಾಮಿಯವರ ಕೈಯಲ್ಲಿದ್ದದ್ದು ಹಿಡಿಯಿಲ್ಲದ ಕಸಬರಿಗೆ. ಬಗ್ಗಿ ಬಗ್ಗಿ ಅವರ ಸೊಂಟ ನೆಟ್ಟಗಾಗುವುದನ್ನೇ ಮರೆತಿತ್ತು. ಅಂಕೋಲೆಯ ಡಾಕ್ಟರು, ಇನ್ನು ಬಗ್ಗಿದರೆ ಏಳುವುದಿಲ್ಲ ಎಂದಿದ್ದರು.

"ಭಾರ ಹೊರೂದು ನಂಗೆ ಹೊಸತಲ್ಲ, ಸೊಪ್ಪಿನ ಹೊರೆ ಹೊತ್ತವಳು ನಾನು. ಬಗ್ಗೂಕೆ ಮಾತ್ರ ಆಗೂದಿಲ್ಲ," ಎನ್ನುತ್ತಾರೆ ಕಾಮಿ. "ಮಷೀನು ಬಂದ ಮೇಲೇ ನಂಗೆ ಈ ಕಾಲೊನಿ ಜನರ ಮುಖ ಕಂಡದ್ದು. ಅಲ್ಲಿವರೆಗೆ ಎಲ್ಲರ ಚಪ್ಪಲಿ ಮಾತ್ರ ಗುರ್ತ ಇತ್ತು."

ಆ ಮಷೀನು ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಏಳಲಿಲ್ಲ. ಕಾಮಿ ಎಳೆದರು, ಉಳಿದವರು ಎಳೆದರು, ಮೇಲ್ವಿಚಾರಕ ನಿತೇಶ ಬಂದು ಎಳೆದು ಹೆಗಲು ಉಳುಕಿಸಿಕೊಂಡರು. ಬಿಸಿಲೇರಿದ ಮೇಲೆ ನಿತೇಶರ ಬೈಕಿನ ಹಿಂದೆ ಕೂತು, ಮಗುವನ್ನು ಆಸ್ಪತ್ರೆಗೆ ಒಯ್ಯುವ ಹಾಗೆ ಮಡಿಲಲ್ಲಿಟ್ಟುಕೊಂಡು, ಕಾಮಿ ಅದನ್ನು ಜಟ್ಟಪ್ಪನವರ ಅಂಗಡಿಗೆ ತಂದರು. ಜಟ್ಟಪ್ಪ ಹಗ್ಗಕ್ಕೆ ಕೈ ಹಚ್ಚಿದ್ದೇ ತಡ, ಒಂದೇ ಎಳೆತಕ್ಕೆ ಮಷೀನು ಭರ್ರೆಂದಿತು.

"ನಿಮ್ಮನ್ನ ಕಂಡ್ರೆ ಹೆದರಿಕೆ ಅದ್ಕೆ," ಎಂದರು ಕಾಮಿ. "ನನ್ನ ಕಂಡ್ರೆ ಸಲಿಗೆ."

ಮರುದಿನ ಬೆಳಿಗ್ಗೆ ಮತ್ತೆ ಹೆಣ. ಬಿಸಿಲಿಗೆ ಅಂಗಡಿಗೆ ತಂದರೆ ಮತ್ತೆ ಒಂದೇ ಎಳೆತ. ಜಟ್ಟಪ್ಪ ಪ್ಲಗ್ಗು ಬದಲಿಸಿದರು. ಫಿಲ್ಟರು ತೊಳೆದರು. ನಳಿಗೆ ಹೊಸದು ಹಾಕಿದರು. ಅಂಗಡಿಯಲ್ಲಿ ಹಾಡು, ಕಾಲೊನಿಯಲ್ಲಿ ಮೌನ. ಗುಂಪಿನ ಹೆಂಗಸರು, ಮಳೆಮರದಲ್ಲಿ ಏನೋ ಇದೆ, ಅದರ ದೃಷ್ಟಿ ಎಂದು ಕೊಳವೆಗೆ ನಿಂಬೆಹಣ್ಣು ಕಟ್ಟಿದರು. ಮಷೀನು ಅಂಗಡಿಯಲ್ಲಿ ಚಾಲೂ ಆದಾಗ ಆ ನಿಂಬೆಹಣ್ಣು ಹಾರಿ ನಿತೇಶರ ಹಣೆಗೆ ಬಡಿಯಿತು.

ನಿತೇಶ ಕೆಟ್ಟ ಮನುಷ್ಯರಲ್ಲ. ಆದರೆ ಅವರ ಮೇಲೂ ಒಬ್ಬರಿದ್ದಾರೆ. "ಜಟ್ಟಪ್ಪಣ್ಣ, ನಿಮ್ಮ ಅಂಗಡೀಲಿ ಮಾತ್ರ ಚಾಲೂ ಆಗೂ ಮಷೀನು ಇಟ್ಕಂಡು ನಾ ಎಂತ ಮಾಡ್ಲಿ? ಬುಧವಾರ ಬೆಳಿಗ್ಗೆ ಗುತ್ತಿಗೆ ಯಜಮಾನ್ರು ನೋಡೂಕೆ ಬತ್ರು. ಅವ್ರ ಎದುರು ಏಳಲಿಲ್ಲ ಅಂದ್ರೆ ಇದು ಗುಜರಿಗೆ, ಎಲ್ಲರ ಕೈಗೂ ಕಸಬರಿಗೆ." ಹಣೆ ಉಜ್ಜಿಕೊಳ್ಳುತ್ತ ಅವರು ಕಾಮಿಯವರ ಮುಖ ನೋಡಲಿಲ್ಲ. ಕಾಮಿ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡರು.

ಅಜ್ಜಿಯರ ಕತೆಗಳಲ್ಲಿ ಒಬ್ಬ ರಾಕ್ಷಸ ಇರುತ್ತಾನೆ. ಕಡಿದರೂ ಸಾಯುವುದಿಲ್ಲ, ಏಕೆಂದರೆ ಅವನ ಜೀವ ಅವನಲ್ಲಿಲ್ಲ, ಏಳು ಸಮುದ್ರದಾಚೆಯ ಗಿಳಿಯಲ್ಲಿದೆ. ಜಟ್ಟಪ್ಪನವರಿಗೆ ಎದುರಾದದ್ದು ಅದರ ತಿರುವುಮುರುವು. ಈ ಮಷೀನಿನ ಸಾವು ಅದರಲ್ಲಿರಲಿಲ್ಲ. ಬಿಚ್ಚಿದ ಎಲ್ಲ ಭಾಗವೂ ಚೆನ್ನಾಗಿತ್ತು. ಪಿಸ್ಟನ್ನಂತೂ ಮದುಮಗಳ ಕೂದಲ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಅದಕ್ಕೇ ಅವರಿಗೆ ಇನ್ನಷ್ಟು ಸಿಟ್ಟು. ಸುಳ್ಳು ಹೇಳಲು ಬಾರದ ಎಂಜಿನ್ನು ಕೊನೆಗೂ ಒಂದು ಸುಳ್ಳು ಕಲಿತಿತ್ತು.

ಗಿಳಿ ಸಿಕ್ಕಿದ್ದು ಸೋಮವಾರ, ಊಟದ ಎಲೆಯ ಮೇಲೆ.

ಆ ದಿನ ಬೆಳಿಗ್ಗೆಯೂ ಮಷೀನು ಅಂಗಡಿಗೆ ಬಂದಿತ್ತು. ಬಹಳ ಹೊತ್ತು ಓಡಿಸಿ ಓಡಿಸಿ ಕಿವಿಗೊಟ್ಟ ಜಟ್ಟಪ್ಪ, ಏನೂ ತಿಳಿಯದೆ ಮಧ್ಯಾಹ್ನ ಕೈತೊಳೆದು ಒಳಗೆ ಹೋದರು. ಎಲೆಯ ಮೇಲೆ ಅನ್ನ, ತೊಂಡೆಕಾಯಿ ಪಲ್ಯ, ಸಾರು. ಜಟ್ಟಪ್ಪ ಊಟ ಶುರು ಮಾಡದೆ ಕಾದರು.

"ಎಂತ ನೋಡ್ತ್ರಿ?" ಎಂದರು ಹೀರಾ.

"ಬಾಂಗಡೆ ಹುರಿದದ್ದು ಬರ್ಲಿ ಅಂತ."

"ಯಾವ ಬಾಂಗಡೆ?"

"ಬೆಳಿಗ್ಗಿಂದ ಹುರೀತೇ ಇದ್ದೆ ಅಲ್ಲೆ. ಅಂಗಡಿ ತುಂಬ ಪರಿಮಳ."

ಹೀರಾ ಸೌಟು ಕೆಳಗಿಟ್ಟರು. "ಇವತ್ತು ಸೋಮವಾರ. ಈ ಮನೆಗೆ ಬಂದ ಮೇಲೆ ಒಂದು ಸೋಮವಾರನಾದ್ರೂ ಮೀನು ಹುರಿದದ್ದು ಅದ್ಯಾ ನಾನು? ಕಿವಿ ಆಯ್ತು, ಇನ್ನು ಮೂಗೂ ಹೋಯ್ತಾ?"

ಜಟ್ಟಪ್ಪ ಎದ್ದೇಬಿಟ್ಟರು. ಅಂಗಡಿಗೆ ಹೋಗಿ ಹಗ್ಗ ಎಳೆದು, ಸೈಲೆನ್ಸರಿನ ಹೊಗೆಗೆ ಮೂಗು ಒಡ್ಡಿದರು. ಅಡುಗೆಮನೆಗೆ ಬೆನ್ನು ತಾಗಿಸಿ ನಿಂತ ಅಂಗಡಿಯಲ್ಲಿ ಇಷ್ಟು ದಿನ ಹೆಂಡತಿಯ ಬಾಣಲೆಯದೆಂದು ಅವರು ನಂಬಿದ್ದ ಪರಿಮಳ, ಮಷೀನಿನ ಹೊಟ್ಟೆಯೊಳಗಿಂದ ಬರುತ್ತಿತ್ತು. ಬಾಣಲೆಯ ಪರಿಮಳ ಅಂದರೆ ಕಾದ ತೆಂಗಿನೆಣ್ಣೆಯ ಪರಿಮಳ. ಅದರ ಜತೆಗೇ ಅವರಿಗೆ ಇನ್ನೊಂದು ನೆನಪಾಯಿತು. ಬೆಳಿಗ್ಗೆ ಬಚ್ಚಲುಮನೆಯ ಗೂಡಿನಲ್ಲಿ ತೆಂಗಿನೆಣ್ಣೆಯ ಬಾಟಲಿ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ತಲೆಗೆ ಹಚ್ಚಿಕೊಳ್ಳಲು ಒಲೆಯ ಬದಿಗೆ ಇಡಬೇಕಾಗಿತ್ತು.

ಕಾರವಾರದ ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ಆದರೆ ಎಣ್ಣೆಯ ಬಾಟಲಿ ನಗುವುದಿಲ್ಲ.

ಹೀಗಾಗಿ ಈ ಮಂಗಳವಾರ ಬೆಳಕು ಹರಿಯುವ ಮೊದಲೇ ಜಟ್ಟಪ್ಪ ರೋಗಿಯ ಮನೆಗೇ ಬಂದಿದ್ದಾರೆ. ಬಿಸಿನೀರಿನ ಫ್ಲಾಸ್ಕು ಪಕ್ಕದಲ್ಲಿದೆ. ಎರಡು ಸಲ ಹಗ್ಗ ಎಳೆದು, ಏಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅವರೀಗ ಕಾರ್ಬೊರೇಟರು ಬಿಚ್ಚುತ್ತಾರೆ. ಸಾಸಿವೆ ಕಾಳೂ ಹೊಗದ ತೂತಿನೊಳಗೆ ತೆಳು ತಂತಿ ಹಾಕಿ ಹೊರಗೆಳೆದರೆ, ತುದಿಯಲ್ಲಿ ಒಂದು ಬಿಳಿ ಕಣ. ಹೆಬ್ಬೆರಳಿನ ಉಗುರಿನ ಮೇಲಿಟ್ಟು ಊದುತ್ತಾರೆ. ಬಿಸಿ ಉಸಿರಿಗೆ ಅದು ಕರಗಿ ಎಣ್ಣೆಯ ಹನಿಯಾಗುತ್ತದೆ.

"ಕಾಮೀ, ಪೆಟ್ರೋಲಿಗೆ ಬೆರೆಸೂಕೆ ನಾ ಕೊಟ್ಟ ಕೆಂಪು ಬಾಟಲಿ ಎಲ್ಲದೆ?"

"ಪೆಟ್ಟಿಗೇಲಿ ಅದೆ. ಜೋಪಾನ. ಈಚೆಗೆ ಮುಚ್ಚಳನೂ ತೆಗೀಲಿಲ್ಲ."

"ಹಂಗಾರೆ ಇದ್ಕೆ ಹಾಕ್ತಿರೂದು ಎಂತದು?"

ಕಾಮಿಯವರ ಉತ್ತರದಲ್ಲಿ ಅಳುಕಿಲ್ಲ. "ನಮ್ಮನೆ ಕಾಯಿಂದು. ಗಾಣದ ಎಣ್ಣೆ. ದೀಪಾವಳಿಗೆ ಎಲ್ಲರಿಗೂ ಎಣ್ಣೆ ಹಚ್ತ್ರು ಅಲ್ದಾ? ಮಕ್ಕಳಿಗೂ ಹಚ್ತ್ರು, ದನಕ್ಕೂ ಹಚ್ತ್ರು. ವರ್ಷ ಪೂರ್ತಿ ನಂಗಾಗಿ ದುಡಿದದ್ದು ಇದು, ಇದ್ಕೊಂದು ಎಣ್ಣೆಸ್ನಾನ ಬೇಡ್ವಾ? ತಲೆ ಎಲ್ಲದೆ ಅಂತ ನೋಡ್ದೆ. ಟಾಂಕಿ ಮುಚ್ಚಳ ಕಂಡ್ತು. ಒಂದು ಬೊಗಸೆ ಹೊಯ್ದೆ. ಆ ದಿನ ಎಷ್ಟು ಲಾಯ್ಕ ಓಡ್ತು ಗೊತ್ತದ್ಯಾ? ಹೊಗೆ ನಾತನೂ ಇಲ್ಲ. ಅವತ್ತಿಂದ ಆ ಪೇಟೆ ಎಣ್ಣೆ ಮುಟ್ಲೇ ಇಲ್ಲ."

ಜಟ್ಟಪ್ಪ ಉಗುರಿನ ಮೇಲಿನ ಎಣ್ಣೆಯನ್ನು ಮೂಸುತ್ತಾರೆ. ಮಿಂಚುವ ಪಿಸ್ಟನ್ನು ಕಣ್ಣೆದುರು ಬರುತ್ತದೆ. ಬೈಯಲು ಎಲ್ಲಿಂದ ಶುರು ಮಾಡುವುದೆಂದು ತಿಳಿಯುವುದಿಲ್ಲ. ಪೆಟ್ರೋಲು ಕಳವಾಗದಿರಲೆಂದು ಕಾಮಿ ಕೆಲಸ ಮುಗಿದ ಮೇಲೆ ಟಾಂಕಿಯನ್ನೂ ಖಾಲಿ ಮಾಡಿಡುತ್ತಾರೆ. ತೂತಿನಲ್ಲಿ ಉಳಿದ ಚೂರು ಪೆಟ್ರೋಲು ಆರಿಹೋಗಿ, ಎಣ್ಣೆ ಮಾತ್ರ ಉಳಿದು, ಬೆಳಗಿನ ಚಳಿಗೆ ಹೆಪ್ಪುಗಟ್ಟುತ್ತದೆ. ಅಂಗಡಿಗೆ ಬರುವ ಹೊತ್ತಿಗೆ ಬಿಸಿಲು ಅದನ್ನು ಕರಗಿಸಿರುತ್ತದೆ. ಮಷೀನು ಸುಳ್ಳು ಹೇಳಿರಲಿಲ್ಲ. ತೆಂಗಿನೆಣ್ಣೆ ಗಂಟಲಲ್ಲಿದ್ದಾಗ ಮಾತಾಡಿರಲಿಲ್ಲ, ಅಷ್ಟೇ.

"ತಪ್ಪಾಯ್ತಾ?" ಕಾಮಿಯವರ ದನಿ ಈಗ ಸಣ್ಣದಾಗಿದೆ. ಮಾತು ಮುಗಿಯುವ ಮೊದಲೇ ನಿತೇಶರ ಬೈಕು ತಿರುವಿನಲ್ಲಿ ಕಾಣಿಸುತ್ತದೆ.

ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಒಳಗಿನದನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದು, ಕೆಂಪು ಬಾಟಲಿಯ ಎಣ್ಣೆ ಅಳೆದು ಬೆರೆಸಿ ಜಟ್ಟಪ್ಪ ಹಗ್ಗ ಎಳೆಯುವ ಹೊತ್ತಿಗೆ ನಿತೇಶ ಪಕ್ಕದಲ್ಲೇ ನಿಂತಿದ್ದಾರೆ. ಮಷೀನು ಭರ್ರೆನ್ನುತ್ತದೆ. ನಾಯಿಗಳು ಎದ್ದು ನಿಂತು ಮೂಸಿ, ಮೋಸ ಹೋದವರ ಹಾಗೆ ಒಂದರ ಮುಖ ಒಂದು ನೋಡುತ್ತವೆ. ಜಟ್ಟಪ್ಪ ಬಲಗಿವಿ ಬಗ್ಗಿಸಿ ತಿರುಪುಗಳನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಮಾಡಿ ಸಮಾಧಾನದ ಮಾತು ಹುಡುಕುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಹೊತ್ತು ಹುಡುಕುತ್ತಾರೆ.

"ಎಂತ ಆಗಿತ್ತು ಜಟ್ಟಪ್ಪಣ್ಣ?" ನಿತೇಶ ಕೇಳಿಯೇ ಬಿಡುತ್ತಾರೆ. "ನಾಳೆ ಯಜಮಾನ್ರು ಕೇಳ್ತ್ರು. ಯಾರ ಕೈತಪ್ಪು ಅಂತನೂ ಕೇಳ್ತ್ರು."

ಕಾಮಿಯವರ ಕೈ ಮತ್ತೆ ಸೊಂಟದ ಮೇಲೆ ಹೋಗಿದೆ. ಜಟ್ಟಪ್ಪ ಅದನ್ನು ನೋಡುತ್ತಾರೆ.

"ಚಳಿ," ಎನ್ನುತ್ತಾರೆ. "ಬೆಳಗಿನ ಚಳಿಗೆ ಗಂಟಲು ಕಟ್ಟಿತ್ತು."

"ಮಷೀನಿಗೆ?"

"ಮಷೀನಿಗೇ. ನಾ ಕಂಡೆ, ಬಿಳಿ ಕಫ."

ಇದು ಸುಳ್ಳಲ್ಲ ಎಂದು ಜಟ್ಟಪ್ಪ ಮನೆಗೆ ಬರುವ ದಾರಿಯುದ್ದಕ್ಕೂ ತಮಗೆ ತಾವೇ ವಾದಿಸಿಕೊಂಡರು. ಕೇಳಿದ ಹೀರಾ ಮಾತ್ರ, "ನೀವು ಮೊದಲ ಸಲ ಮನ್ಷರ ಹಂಗೆ ಮಾತಾಡಿದ್ದು," ಎಂದು ಎರಡು ಬಾಂಗಡೆ ಹೆಚ್ಚು ಬಡಿಸಿದರು. ಹೇಗೂ ಮಂಗಳವಾರವಾಗಿತ್ತು.

ಬುಧವಾರ ಬೆಳಿಗ್ಗೆ ಗುತ್ತಿಗೆ ಯಜಮಾನರು ಕಾರಿನಿಂದಿಳಿದಾಗ ಕಂಡದ್ದು ಮಳೆಮರದ ಕೆಳಗೆ ಮಂಕಿ ಟೋಪಿ ಹಾಕಿಕೊಂಡು ಕೂತ ಗಾಳಿ ಮಷೀನು. ಟೋಪಿಯನ್ನು ನಿತೇಶ ಹಿಂದಿನ ಸಂಜೆ ಕಾರವಾರದ ಪೇಟೆಯಲ್ಲಿ ಕೊಂಡು ತಂದಿದ್ದರು. "ಇದೆಂತದು?" ಎಂದು ಯಜಮಾನರು ಕೇಳಿದರು. "ಚಳಿ, ಸರ್. ಮೆಕ್ಯಾನಿಕ್ ಹೇಳಿದ್ದು," ಎಂದರು ನಿತೇಶ. ಕಾಮಿ ಟೋಪಿ ತೆಗೆದು, ಮಷೀನನ್ನು ಬೆನ್ನಿಗೇರಿಸಿ, ನೆಟ್ಟಗೆ ನಿಂತರು. ಪಕ್ಕದವರು ಹಗ್ಗ ಎಳೆದರು. ಒಂದೇ ಎಳೆತ. ಎಲೆಗಳು ಮಂದೆಯಾಗಿ ಓಡಿದವು. ಯಜಮಾನರು ತಮ್ಮ ಮಫ್ಲರನ್ನು ಇನ್ನೊಂದು ಸುತ್ತು ಬಿಗಿ ಮಾಡಿಕೊಂಡು ಹೊರಟರು.

ಈಗ ನಿಜ ಕತೆ ಕಾಲೊನಿಗೆಲ್ಲ ಗೊತ್ತು. ಹೇಳಿದವರು ಕಾಮಿಯೇ. ಚಹದ ಹೊತ್ತಿನಲ್ಲಿ ನಿತೇಶ ಮಷೀನಿಗೆ ಟೋಪಿ ಸರಿಮಾಡುವುದನ್ನು ನೋಡಿ ನೋಡಿ ನಗು ತಡೆಯಲಾಗದೆ, ಕೊನೆಗೆ ಎಲ್ಲ ಹೇಳಿಬಿಟ್ಟರು. "ಅರೇ, ಅದ್ಕೇ ಬೆಳಿಗ್ಗೆ ಡ್ಯೂಟಿಗೆ ಬಂದ್ರೆ ಹೊಟ್ಟೆ ಚುರುಚುರು ಅಂತಿತ್ತು," ಎಂದರಂತೆ ನಿತೇಶ. ಟೋಪಿಯನ್ನು ಮಾತ್ರ ತೆಗೆಸಿಲ್ಲ. ಮಷೀನೂ ಕಾಮಿಯವರ ಬೆನ್ನು ಬಿಟ್ಟಿಲ್ಲ.

ಇಷ್ಟು ವರ್ಷ ಇಷ್ಟು ಎಂಜಿನ್ನುಗಳನ್ನು ಮಾತಾಡಿಸಿದ ಜಟ್ಟಪ್ಪನವರಿಗೆ ಏನಾದರೂ ಆಸೆ ಇದೆಯೇ? ಕೇಳಿದರೆ ಗ್ರೀಸು ಮೆತ್ತಿದ ಕೈಯಲ್ಲಿ ತಲೆ ಕೆರೆದುಕೊಳ್ಳುತ್ತಾರೆ. "ಎಂತ ಆಸೆ. ಎಲ್ಲರೂ ಕೆಟ್ಟದ್ದನ್ನೇ ತತ್ರು. ಸರಿ ಮಾಡ್ಕೊಟ್ಟ ಮೇಲೆ ಅದು ಹ್ಯಾಂಗದೆ, ಹ್ಯಾಂಗೆ ಓಡ್ತದೆ, ನಂಗೆ ಗೊತ್ತಾಗೂದೇ ಇಲ್ಲ. ಯಾರಾದ್ರೂ ಒಂದಿನ ಚೊಲೋ ಇರೂ ಮಷೀನು ತಂದು, ಕೇಳು ಜಟ್ಟಪ್ಪ ಅಂತ ಒಂದ್ ಸಲ ಕೇಳ್ಸಿ ಹೋಗಬೇಕು. ಅಷ್ಟೇ."

ಈ ಮಾತು ಕಾಮಿಯವರ ಕಿವಿಗೆ ಹೇಗೆ ಬಿತ್ತೋ. ಮೊನ್ನೆ ಕೆಲಸ ಮುಗಿಸಿ ಅವರು ನಿತೇಶರ ಬೈಕಿನಲ್ಲಿ ಮಷೀನು ಹಿಡಿದು ಅಂಗಡಿಯ ಮುಂದೆ ಇಳಿದಾಗ ಜಟ್ಟಪ್ಪನವರ ಮುಖ ಇಳಿದುಹೋಯಿತು.

"ಮತ್ತೆ ಎಂತ ಆಯ್ತೆ?"

"ಎಂತದೂ ಆಗ್ಲಿಲ್ಲ. ಕೇಳಿ ಅಂತ ತಂದೆ," ಎನ್ನುತ್ತ ಕಾಮಿ ಅಂಗಳದ ನಡುವೆ ನಿಂತು ಹಗ್ಗ ಎಳೆಯುತ್ತಾರೆ.

ದಪ್ಪವೂ ಅಲ್ಲದ, ಕೀರಲೂ ಅಲ್ಲದ ಒಂದೇ ಹದದ ಸದ್ದು ಅಂಗಳ ತುಂಬುತ್ತದೆ. ಅದರ ಜತೆಗೇ ಕೊಳವೆಯ ಗಾಳಿಗೆ, ಹೀರಾ ಒಣಗಲು ಹರವಿದ್ದ ಸಣ್ಣ ಸೀಗಡಿ ಮೋಡವಾಗಿ ಎದ್ದು ಹೆದ್ದಾರಿಯ ಕಡೆ ಹೊರಡುತ್ತದೆ. ಎಲ್ಲಿದ್ದವೋ, ನಾಯಿಗಳು ಅದರ ಹಿಂದೆ. ಹೀರಾ ಸೌಟು ಹಿಡಿದುಕೊಂಡೇ ಹೊರಗೆ ಬಂದು ಕೂಗುತ್ತಿದ್ದಾರೆ. ಗಂಡನ ಹೆಸರು ಹಿಡಿದಂತೂ ಅಲ್ಲ, ಉಳಿದೆಲ್ಲ ಹೆಸರು ಹಿಡಿದು.

ಜಟ್ಟಪ್ಪ ಎಡಗಿವಿಯನ್ನು ಹೆಂಡತಿಯ ಕಡೆಗೂ ಬಲಗಿವಿಯನ್ನು ಮಷೀನಿನ ಕಡೆಗೂ ಮಾಡಿ, ಕಣ್ಣು ಮುಚ್ಚಿ ನಿಂತಿದ್ದಾರೆ. ಕೈ ತಿರುಪಿನ ಹತ್ತಿರ ಹೋಗುತ್ತದೆ, ಮುಟ್ಟದೆ ಹಿಂದೆ ಬರುತ್ತದೆ.

"ಬಂದ್ ಮಾಡ್ಲಾ ಜಟ್ಟಪ್ಪಣ್ಣಾ?" ಎಂದು ಕೇಳುತ್ತಾರೆ ಕಾಮಿ, ಹೀರಾರತ್ತ ಒಮ್ಮೆ ಹೆದರಿ ನೋಡಿ.

"ಇರ್ಲಿ," ಎನ್ನುತ್ತಾರೆ ಜಟ್ಟಪ್ಪ. "ಇನ್ನೊಂಚೂರು ಹೊತ್ತು ಇರ್ಲಿ."